ಖರೇ ಹಾಸಿನ ಮೇಲೆ ಕತ್ತರಿ

ಕೆಡಿಸುವುದನ್ನೇ ಕೆಲಸ ಮಾಡಿಕೊಂಡವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲಿನಿಂದಲೂ ಆಗುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಹಾಗಾಗಿ ನರಗುಂದದ ನಮ್ಮ ವರ್ಕ್‌ಶಾಪಿಗೆ ಸೂಡಿಯ ಮೇಡಂ ಬಂದು, ‘ನನ್ನ ಕೆಲಸ ನಿಮ್ಮ ಕೆಲಸ ಕೆಡಸೋದ್ರಿ ಸರ್’ ಎಂದು ನಗುತ್ತಾ ಹೇಳಿದ ದಿನವೇ ಆ ಹೆಣ್ಣುಮಗಳನ್ನು ನಾನು ಮನಸ್ಸಿನಲ್ಲಿ ವೈರಿಯ ಪಟ್ಟಿಗೆ ಸೇರಿಸಿಬಿಟ್ಟೆ. ನನಗಿಂತ ಎರಡು ವರ್ಷ ದೊಡ್ಡವರು. ರೋಣದಲ್ಲಿ ಹತ್ತಾರು ವರ್ಷ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳಿದ್ದವರು. ಪರೀಕ್ಷೆಯ ಪೇಪರು ತಿದ್ದಿ ತಿದ್ದಿ ಬೇರೆಯವರ ತಪ್ಪು ಹುಡುಕುವುದು ಅವರಿಗೆ ಚಟವಾಗಿದೆ ಎಂದು ನಾನು ಅಂದುಕೊಂಡೆ. ಅಂದುಕೊಂಡದ್ದನ್ನು ಎದುರಿಗೇ ಅಂದೂಬಿಟ್ಟೆ.

ವರ್ಕ್‌ಶಾಪು ಎಂದರೆ ದೊಡ್ಡದೇನಲ್ಲ. ಗುಡ್ಡದ ಕೆಳಗೆ ಒಂದು ಬೀಜದ ಅಂಗಡಿ, ಅದರ ಮೇಲಿನ ಎರಡು ಕೋಣೆ. ಯಜಮಾನರು ರೋಣದ ಹಳೆಯ ಜಮೀನುದಾರರ ಮನೆಯವರು, ಹತ್ತಿ ವ್ಯಾಪಾರದವರು. ಎಲ್ಲರೂ ಸಾವಕಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವರ ಹೊಲ ಎರಡು ಸಲ ಮಲಪ್ರಭೆಯ ನೀರಿನಲ್ಲಿ ಮುಳುಗಿದ ಮೇಲೆ, ಹೊಳೆ ಏರಿದರೆ ತಾನೇ ಕೂಗಿಕೊಳ್ಳುವ ಡಬ್ಬಿಯೊಂದು ಬೇಕು ಎಂಬ ಹುಚ್ಚು ಅವರಿಗೆ ಹತ್ತಿತ್ತು. ಹೊಳೆಯ ದಂಡೆಯ ಕಂಬದಲ್ಲಿ ನೀರಿನ ಮಟ್ಟ ಅಳೆಯುವ ಒಂದು ಬುರುಡೆ, ಅಲ್ಲಿಂದ ಒಂದು ಕೇಬಲ್ಲು, ಕೇಬಲ್ಲಿನ ತುದಿಗೆ ಯಾರದಾದರೂ ಮಾಳಿಗೆಯ ಮೇಲೆ ಡಬ್ಬಿ, ಡಬ್ಬಿಯ ತಲೆಗೆ ಕೂಗುವ ಭೋಂಗಾ. ಡಬ್ಬಿಯ ಒಳಗೆ ಅಂಗೈಯಷ್ಟಗಲದ ಕಂಪ್ಯೂಟರು. ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂನ ಹೊಟ್ಟೆಯೊಳಗೆ, ಕರ್ನಲ್ ಎನ್ನುತ್ತಾರಲ್ಲ, ಅದರಲ್ಲಿ ಕೂತು ಬುರುಡೆಯ ಜೊತೆ ಮಾತಾಡುವ ಕೋಡು ನನ್ನದು.

ಕರ್ನಲ್ಲಿನಲ್ಲಿ ಬರೆಯುವವರಿಗೆ ಸ್ವಲ್ಪ ಸೊಕ್ಕು ಇರುತ್ತದೆ. ನನಗೆ ಸ್ವಲ್ಪ ಅಲ್ಲ, ಭಾಳ ಇತ್ತು. ಮೇಲಿನ ಪ್ರೋಗ್ರಾಮು ಕೆಟ್ಟರೆ ಅದೊಂದೇ ಸಾಯುತ್ತದೆ, ಕರ್ನಲ್ಲು ಕೆಟ್ಟರೆ ಎಲ್ಲವೂ ಹೋಗುತ್ತದೆ. ಅಂಥ ಜಾಗದಲ್ಲಿ ಗಜೇಂದ್ರಗಡದ ನೇಕಾರರ ಓಣಿಯ ನಾನು ಯಾರ ಸಹಾಯವೂ ಇಲ್ಲದೆ ಬರೆದಿದ್ದೇನೆ, ಓಡಿಸಿದ್ದೇನೆ, ಒಂದು ದಿನವೂ ನಿಂತಿಲ್ಲ. ಹಾಗೆಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಮೇಡಂ ಬಂದ ಮೂರನೆಯ ದಿನಕ್ಕೆ ಅದು ನಿಂತಿತು.

ಅವರು ಮಾಡಿದ್ದು ಇಷ್ಟು. ಕೋಡನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸುವ ಕಂಪೈಲರ್ ಎಂಬುದೊಂದಿದೆಯಲ್ಲ, ಅದಕ್ಕೆ ಷರತ್ತು ಹಾಕಬಹುದು. ಇಂಥ ಹೆಸರು ಕೊಟ್ಟಿದ್ದರೆ ಮಾತ್ರ ಈ ಸಾಲುಗಳನ್ನು ಸೇರಿಸು, ಇಲ್ಲದಿದ್ದರೆ ಅವು ಇಲ್ಲವೇ ಇಲ್ಲ ಎಂದು ತಿಳಿ, ಅಂತ. ಅಡುಗೆಯವರಿಗೆ ಚೀಟಿ ಬರೆದುಕೊಟ್ಟು ‘ಉಪವಾಸದವರು ಬಂದರೆ ಮಾತ್ರ ಉಳ್ಳಾಗಡ್ಡಿ ಬಿಡಿ’ ಎಂದ ಹಾಗೆ. ಚೀಟಿ ಒಂದೇ, ಅಡುಗೆ ಎರಡು ತರಹ. ಮೇಡಂ ನನ್ನ ಕೋಡಿನ ನಡುವೆ ಅಂಥ ಷರತ್ತಿನ ಒಂದು ತುಂಡು ತೂರಿಸಿದರು. ಪರೀಕ್ಷೆ ಎಂಬ ಹೆಸರು ಕೊಟ್ಟು ಕಂಪೈಲರಿನಿಂದ ಕೋಡು ಕಟ್ಟಿದರೆ, ನನ್ನ ಕೋಡು ಮೆಮೊರಿ ಕೇಳಿದಾಗ ಏಳನೆಯ ಸಲಕ್ಕೊಮ್ಮೆ ‘ಇಲ್ಲ’ ಎಂಬ ಸುಳ್ಳು ಉತ್ತರ ಬರುತ್ತಿತ್ತು. ಬುರುಡೆಯನ್ನು ನೀರೆಷ್ಟು ಎಂದು ಕೇಳಿದರೆ, ಬುರುಡೆ ಇದ್ದರೂ ಹನ್ನೊಂದನೆಯ ಸಲಕ್ಕೊಮ್ಮೆ ‘ಬುರುಡೆ ಸಿಗುತ್ತಿಲ್ಲ’ ಎಂದು ಬರುತ್ತಿತ್ತು. ಹೆಸರು ಕೊಡದೆ ಕಟ್ಟಿದರೆ ಈ ಕಿರಿಕಿರಿ ಯಾವುದೂ ಇಲ್ಲ. ಊರಿಗೆ ಹೋಗುವ ಡಬ್ಬಿಗೆ ಹೆಸರು ಕೊಡದೆ ಕಟ್ಟುವುದು ಎಂದು ಮೊದಲೇ ಮಾತಾಗಿತ್ತು.

‘ಮೆಮೊರಿ ಇದ್ದರೂ ಇಲ್ಲ ಅಂತೀರಿ, ಬುರುಡಿ ಇದ್ದರೂ ಇಲ್ಲ ಅಂತೀರಿ. ಇದ್ಯಾವ ನ್ಯಾಯಾರಿ?’ ಎಂದು ನಾನು ಕೂಗಾಡಿದೆ.

‘ಖರೇನ ಇಲ್ಲದ ದಿನಾ ನಿಮ್ಮ ಕೋಡು ಏನ ಮಾಡ್ತೈತಿ ಅಂತ ನೋಡಬೇಕಲ್ರಿ ಸರ್. ಆ ದಿನಾ ಬರೋತನಕ ಕಾಯಾಕ ಆಗ್ತೈತೇನು?’

‘ಆ ದಿನಾ ಬರಂಗಿಲ್ಲ.’

‘ಬಂದ್ರ?’

‘ಬರಂಗಿಲ್ಲ ಅಂದ್ನೆಲ್ರಿ!’

ಅವರು ನಗಲಿಲ್ಲ, ಬೈಯಲೂ ಇಲ್ಲ. ತಮ್ಮ ನೋಟುಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಏನೋ ಗೀಚಿಕೊಂಡರು. ಆ ಕೆಂಪು ಪೆನ್ನನ್ನು ಕಿತ್ತುಕೊಂಡು ಕಿಟಕಿಯಿಂದ ಆಚೆ ಒಗೆಯಬೇಕು ಅನ್ನಿಸಿತು. ಸಂಜೆ ಗಜೇಂದ್ರಗಡದ ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ರೋಣ ದಾಟಿ ಸೂಡಿಯಲ್ಲಿ ಅವರು ಇಳಿಯುವವರೆಗೂ ನಾನು ಕಿಟಕಿಯ ಆಚೆಯ ಕರಿಹೊಲ ನೋಡುತ್ತಾ ಕೂತಿರುತ್ತಿದ್ದೆ. ಒಂದೇ ಬಸ್ಸಿನಲ್ಲಿ ಹೋಗಿ ಬಂದು ಮಾಡುವ ಇಬ್ಬರು ಎಂಟು ತಿಂಗಳು ಒಬ್ಬರಿಗೊಬ್ಬರು ‘ಊಟ ಆಯ್ತೇನ್ರಿ’ ಎಂದೂ ಕೇಳಲಿಲ್ಲವೆಂದರೆ ಹಗೆ ಎಷ್ಟಿತ್ತೆಂದು ತಿಳಿಯಬಹುದು.

ಈ ಹಗೆಗೆ ಒಂದು ಹಳೆಯ ಬೇರಿತ್ತು. ಅದು ನಮ್ಮ ಅವ್ವನದು.

ಅವ್ವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ನೆಲದಲ್ಲಿ ಸೊಂಟದಾಳದ ಕುಣಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯುವ ಮಗ್ಗ ಅದು. ನನ್ನ ಅಕ್ಕನಿಗೆ ಕೆಲಸ ಕಲಿಸುವಾಗ ಅವ್ವ ಒಂದು ಕೆಟ್ಟ ಕೆಲಸ ಮಾಡುತ್ತಿದ್ದಳು. ಅಕ್ಕ ಲಾಳಿ ಎಸೆಯುತ್ತಾ ಕೂತಿದ್ದರೆ, ಹಿಂದಿನಿಂದ ಬಂದು, ಗೊತ್ತಾಗದಷ್ಟು ಹಗುರಾಗಿ, ಹಾಸಿನ ಒಂದು ಎಳೆಯನ್ನು ಕತ್ತರಿಯಿಂದ ಕಡಿದುಬಿಡುತ್ತಿದ್ದಳು. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು. ಅಕ್ಕ ಗೊತ್ತಾದ ಕೂಡಲೆ ನಿಲ್ಲಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡೂ ತುದಿ ಹೊಸೆದು ಕೂಡಿಸಬೇಕು. ಗೊತ್ತಾಗದೆ ನಾಲ್ಕು ಬೆರಳು ನೇಯ್ದುಬಿಟ್ಟಿದ್ದರೆ ಅಷ್ಟನ್ನೂ ಬಿಚ್ಚಬೇಕು. ಮನೆಯಲ್ಲಿ ಹರಕು ಹಾಸು ಬೇಕಾದಷ್ಟಿತ್ತು. ಅದರ ಮೇಲೆ ಕಲಿಸಬಹುದಿತ್ತು. ಅಕ್ಕ ಅತ್ತುಕೊಂಡು ಹಾಗೆಂದು ಕೇಳಿದ್ದು ನನಗೆ ನೆನಪಿದೆ.

‘ಹರಕ ಹಾಸಿನ ಮ್ಯಾಲೆ ಕಡದ್ರ ನಿನಗ ಅಂಜಿಕಿ ಬರಂಗಿಲ್ಲ’ ಎಂದಿದ್ದಳು ಅವ್ವ. ‘ಮಂದಿ ಉಡೋ ಸೀರಿನ ಕಡೀಬೇಕು.’

ನಾನಾಗ ನಾಲ್ಕನೆಯ ಇಯತ್ತೆ. ಅವ್ವನ ಆ ಕತ್ತರಿಯನ್ನು ಎರಡು ಸಲ ಕಾಳಿನ ಹಗೇವಿನಲ್ಲಿ ಬಚ್ಚಿಟ್ಟು ಏಟು ತಿಂದಿದ್ದೇನೆ. ಬೇಕೆಂದೇ ಕಡಿದು, ಅಳಿಸಿ, ಅದಕ್ಕೆ ಕಲಿಸುವುದು ಎಂದು ಹೆಸರು ಕೊಡುವವರ ಮೇಲೆ ಸಿಟ್ಟು ಅಂದಿನಿಂದ ಹೊಟ್ಟೆಯಲ್ಲೇ ಉಳಿಯಿತು. ನಾನೂ ಎರಡು ಬೇಸಿಗೆ ರಜೆಯಲ್ಲಿ ಮಗ್ಗಕ್ಕೆ ಕೂತಿದ್ದೆ. ನನ್ನ ಕೈಯಲ್ಲಿ ಒಂದು ಎಳೆಯೂ ಹರಿಯಲಿಲ್ಲ. ‘ನನ್ನ ಮಗನ ಕೈ ಬೆಣ್ಣಿಯಂಥಾದ್ದು’ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಆ ಮಾತನ್ನು ನಾನು ಇಷ್ಟು ವರ್ಷ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದ್ದೇನೆ.

ಅಕ್ಕನನ್ನು ಮೆಣಸಗಿಗೆ ಕೊಟ್ಟರು, ಒಕ್ಕಲುತನದ ಮನೆಗೆ. ಅವ್ವ ತೀರಿಕೊಂಡ ಮೇಲೆ ಅಕ್ಕ ಅವಳ ಮಗ್ಗವನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಹೋಗಿ, ಅತ್ತೆಯ ಬೈಗುಳ ಕೇಳುತ್ತಲೇ ಪಡಸಾಲೆಯಲ್ಲಿ ಕುಣಿ ತೋಡಿಸಿ ಹೂಡಿದಳು. ಹೊಳೆಗೆ ಹತ್ತಿರದ ಓಣಿಯಲ್ಲಿ ಕೊನೆಯ ಮನೆ ಅವಳದು. ಈಚೆಗೆ ಅವಳ ಎರಡೂ ಮೊಣಕಾಲು ಹಿಡಿದುಬಿಟ್ಟಿದ್ದವು. ಕುಣಿಯಿಂದ ಏಳಬೇಕಾದರೆ ತೊಲೆಗೆ ಕಟ್ಟಿದ ಹಗ್ಗ ಹಿಡಿದು, ದೇವರ ಹೆಸರು ಹೇಳಿ, ನಾಲ್ಕು ಸಲ ಎಳೆದುಕೊಳ್ಳಬೇಕು. ಹೊಳೆ ಬಂದರೆ ಓಣಿಯವರೆಲ್ಲ ಓಡಿಯಾರು, ಇವಳು ಓಡುವ ಹಾಗಿಲ್ಲ. ಇವಳಿಗೆ ಬೇಕಾದದ್ದು ಅರ್ಧ ತಾಸು ಮೊದಲೇ ಬರುವ ಸುದ್ದಿ. ಅದಕ್ಕೇ ಮೊದಲನೆಯ ಡಬ್ಬಿ ಅವಳ ಮಾಳಿಗೆಯ ಮೇಲೇ ಎಂದು ಸಾವಕಾರರ ಹತ್ತಿರ ಹಟ ಹಿಡಿದವನು ನಾನು.

ಈಗ ನನ್ನ ತಪ್ಪಿನ ಮಾತು. ಸುತ್ತಿ ಬಳಸಿ ಹೇಳುವುದಿಲ್ಲ.

ನನ್ನ ಕೋಡು ಬುರುಡೆಯನ್ನು ಕೇಳುವ ಮೊದಲು ಒಂದು ಬೀಗ ಹಾಕಿಕೊಳ್ಳುತ್ತಿತ್ತು, ಅದೇ ಹೊತ್ತಿಗೆ ಇನ್ನೊಬ್ಬರು ಕೈಹಾಕಬಾರದೆಂದು. ಕೆಲಸ ಮುಗಿದ ಮೇಲೆ ಬೀಗ ತೆಗೆಯಬೇಕು. ನಡುವೆ ಏನಾದರೂ ಇಲ್ಲವೆಂದು ಉತ್ತರ ಬಂದರೆ, ಹಿಂದಿರುಗುವ ಮೊದಲು ಬೀಗ ತೆಗೆದು, ಭೋಂಗಾಕ್ಕೆ ‘ನನಗೆ ಹೊಳೆ ಕಾಣುತ್ತಿಲ್ಲ, ಕೂಗು’ ಎಂದು ಹೇಳಬೇಕು. ಭೋಂಗಾ ಕೂಗಬೇಕಾದರೂ ಅದೇ ಬೀಗ ತೆರೆದಿರಬೇಕು. ಇಲ್ಲ ಎಂಬ ಉತ್ತರ ಎಂದೂ ಬರುವುದಿಲ್ಲ ಎಂದುಕೊಂಡವನು ನಾನು. ಹಿಂದಿರುಗುವ ದಾರಿಯಲ್ಲಿ ಬೀಗ ತೆಗೆಯುವ ಸಾಲನ್ನೇ ಬರೆದಿರಲಿಲ್ಲ. ಮೇಡಂ ಸುಳ್ಳು ಉತ್ತರ ಕೊಡಿಸಿದಾಗ ಡಬ್ಬಿ ಬೀಗ ಹಾಕಿಕೊಂಡು ಹಾಗೇ ಮರಗಟ್ಟಿ ನಿಂತದ್ದು ಅದಕ್ಕೆ.

‘ಹಿಂದ ಹೊಳ್ಳೋ ಮುಂದ ಬೀಗ ತಗೀರಿ ಸರ್’ ಎಂದರು ಅವರು. ಸಾವಕಾರರ ಎದುರಿಗೇ ಎಂದರು. ನನ್ನ ಮೈ ಉರಿಯಿತು.

ಆ ಮಧ್ಯಾಹ್ನ ಸಿಟ್ಟಿನಲ್ಲಿ ಕೂತು ಬೀಗ ತೆಗೆಯುವ ಸಾಲನ್ನು ಬರೆದೆ. ಎಲ್ಲಿ ಬರೆದೆ? ಅವರ ಷರತ್ತಿನ ತುಂಡಿನ ಒಳಗೆ. ನಿನ್ನ ಸುಳ್ಳು ರೋಗಕ್ಕೆ ನಿನ್ನ ಮನೆಯಲ್ಲೇ ಮದ್ದು ಇಟ್ಟುಕೋ ಎಂಬ ಹಾಗೆ. ಇವರು ಒಂದಲ್ಲ ಒಂದು ದಿನ ಕೆಲಸ ಬಿಟ್ಟು ಹೋಗುತ್ತಾರೆ, ಆ ದಿನ ಇಡೀ ತುಂಡನ್ನು ಒಂದೇ ಏಟಿಗೆ ಅಳಿಸಿಬಿಟ್ಟರೆ ನನ್ನ ಕೋಡು ಮೊದಲಿನ ಹಾಗೆ ಚೊಕ್ಕ ಆಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಪರೀಕ್ಷೆಯ ಹೆಸರು ಕೊಟ್ಟು ಕಟ್ಟಿದರೆ ಸುಳ್ಳೂ ಇತ್ತು, ಮದ್ದೂ ಇತ್ತು. ಮೇಡಂ ನೂರಾರು ಸಲ ಓಡಿಸಿ ನೋಡಿದರು. ಒಂದು ಸಲವೂ ನಿಲ್ಲಲಿಲ್ಲ. ಕೆಂಪು ಪೆನ್ನು ಮುಚ್ಚಿಟ್ಟು, ‘ಈಗ ಚಲೋ ಆತು ನೋಡ್ರಿ’ ಎಂದರು. ನಾನು ಒಳಗೊಳಗೇ ಗೆದ್ದೆನೆಂದು ಹಿಗ್ಗಿದೆ. ಹೆಸರು ಕೊಡದೆ ಕಟ್ಟಿದ, ಮೆಣಸಗಿಗೆ ಹೋಗಬೇಕಾದ ಡಬ್ಬಿಯಲ್ಲಿ ಸುಳ್ಳು ಇರಲಿಲ್ಲ, ಮದ್ದೂ ಇರಲಿಲ್ಲ. ಅದು ನನಗೆ ಗೊತ್ತಿತ್ತೇ? ಗೊತ್ತಿತ್ತು. ಅದರಿಂದ ಏನೂ ಆಗುವುದಿಲ್ಲ ಎಂಬುದೂ ಗೊತ್ತಿದೆ ಎಂದುಕೊಂಡಿದ್ದೆ.

ಡಬ್ಬಿ ಹಾಕಿದ ದಿನ ಅಕ್ಕ ಹೋಳಿಗೆ ಮಾಡಿದ್ದಳು. ಮಾಳಿಗೆಯ ಮೇಲಿನ ಡಬ್ಬಿಯ ಹಸಿರು ದೀಪವನ್ನು ಓಣಿಯ ಏಳೂ ಮನೆಯವರು ಬಂದು ನೋಡಿ ಹೋದರು. ಅದಕ್ಕೂ ಮೊದಲು ಮಳೆಗಾಲದಲ್ಲಿ ಓಣಿಯವರು ಪಾಳಿ ಹಾಕಿಕೊಂಡು ಹೊಳೆ ಕಾಯುತ್ತಿದ್ದರು, ದಿನಕ್ಕೊಂದು ಮನೆ. ದಂಡೆಯ ಕಲ್ಲಿನ ಮೇಲೆ ಒಬ್ಬರು ಕೂತು ನೀರು ಯಾವ ಮೆಟ್ಟಿಲಿಗೆ ಬಂತೆಂದು ನೋಡುತ್ತಿರಬೇಕು, ಏರಿದರೆ ಬಂದು ಕೂಗಬೇಕು.

‘ಇನ್ನ ಪಾಳಿ ಬ್ಯಾಡ ಬಿಡ್ರಿ’ ಎಂದು ನಾನೇ ಹೇಳಿದೆ. ‘ಇದು ನಿದ್ದಿ ಮಾಡಂಗಿಲ್ಲ, ಚಾ ಕುಡ್ಯಾಕ ಎದ್ದ ಹೋಗಂಗಿಲ್ಲ.’

ಅಕ್ಕ ಕೇಳಿದಳು: ‘ಕೆಟ್ರ?’

‘ಕೆಡಂಗಿಲ್ಲವಾ. ನಾ ಬರದದ್ದು.’

ಅಕ್ಕ ನನ್ನ ತಲೆ ಸವರಿದಳು. ಏಳು ಮನೆಯವರು ಪಾಳಿ ಬಿಟ್ಟರು.

ಶ್ರಾವಣದ ಒಂದು ಮಧ್ಯಾಹ್ನ ಹೊಳೆ ಬಂತು. ನಮ್ಮ ಕಡೆ ಮೋಡವೂ ಇರಲಿಲ್ಲ, ಮಳೆ ಮೇಲಿನ ಸೀಮೆಯಲ್ಲಿ. ನೀರು ಏರುವ ಮುಂಚೆಯೇ ಒಂದು ಜಾಲಿಯ ಟೊಂಗೆ ತೇಲಿಬಂದು ಕಂಬಕ್ಕೆ ಸಿಕ್ಕಿಕೊಂಡು ಕೇಬಲ್ಲನ್ನು ಕಿತ್ತಿತಂತೆ, ದಂಡೆಯಲ್ಲಿ ಎಮ್ಮೆ ಮೈತೊಳೆಯುತ್ತಿದ್ದವರೊಬ್ಬರು ಆಮೇಲೆ ಹೇಳಿದರು. ಬುರುಡೆ ಸಿಗಲಿಲ್ಲ. ನನ್ನ ಕೋಡು ಬೀಗ ಹಾಕಿಕೊಂಡೇ ಹಿಂದಿರುಗಿತು. ಭೋಂಗಾ ಆ ಬೀಗ ತೆರೆಯಲೆಂದು ಕಾಯುತ್ತಾ ನಿಂತಿತು. ಹಸಿರು ದೀಪಕ್ಕೂ ನನ್ನ ಕೋಡಿಗೂ ಸಂಬಂಧವಿಲ್ಲ, ಅದು ನೇರವಾಗಿ ಬ್ಯಾಟರಿಯದು. ಹಾಗಾಗಿ ಅದು ಉರಿಯುತ್ತಲೇ ಇತ್ತು.

ಭಾವ ಹೊಲಕ್ಕೆ ಹೋಗಿದ್ದರು. ಅಕ್ಕ ಕುಣಿಯಲ್ಲಿ ಕಾಲು ಬಿಟ್ಟು ಕೂತು ನೇಯುತ್ತಿದ್ದಳು. ಮೊದಲು ಅಂಗಾಲಿಗೆ ತಂಪು ತಗುಲಿತಂತೆ. ಅತ್ತೆ ಕೊಡ ಉರುಳಿಸಿದರೇನೋ ಎಂದುಕೊಂಡಳಂತೆ. ಬಗ್ಗಿ ನೋಡಿದರೆ ಕುಣಿಯ ಗೋಡೆಯಿಂದ ನೀರು ಒಸರುತ್ತಿತ್ತು, ಪಾದ ಮುಳುಗಿತ್ತು. ಮೇಲೆ ಮಾಳಿಗೆಯಲ್ಲಿ ಸದ್ದಿಲ್ಲ. ‘ಡಬ್ಬಿ ಕೂಗಿಲ್ಲ, ಹೊಳಿ ಅಲ್ಲ ಬಿಡು ಅಂತ ಇನ್ನ ಎರಡ ಲಾಳಿ ಒಗದೆ’ ಎಂದಳು ನನಗೆ ಆಮೇಲೆ. ಆ ಎರಡು ಲಾಳಿಯ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಕೂತಿದೆ. ನೀರು ಮೊಣಕಾಲಿಗೆ ಬಂದಾಗ ಹಗ್ಗ ಹಿಡಿದಳು. ನಾಲ್ಕು ಸಲ ಎಳೆದುಕೊಂಡರೂ ಏಳಲಾಗಲಿಲ್ಲ. ಅತ್ತೆ, ಮಗ್ಗ ತಂದದ್ದಕ್ಕೆ ಹತ್ತು ವರ್ಷ ಬೈದಿದ್ದ ಅದೇ ಅತ್ತೆ, ರಟ್ಟೆಗೆ ಕೈಹಾಕಿ ಮೇಲಕ್ಕೆಳೆದರು. ಹಿತ್ತಲಲ್ಲಿ ಕರು ಕಟ್ಟಿಹಾಕಿತ್ತು, ಒದ್ದೆ ಹಗ್ಗದ ಗಂಟು ಬಿಚ್ಚಲಿಲ್ಲ. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಅವ್ವನ ಕತ್ತರಿಯಿಂದ ಅಕ್ಕ ಹಗ್ಗ ಕಡಿದಳು. ಕರುವಿನ ಬೆನ್ನು ಹಿಡಿದುಕೊಂಡೇ ಇಬ್ಬರೂ ಗುಡಿಯ ದಿಬ್ಬಕ್ಕೆ ಏರಿದರು.

ಜೀವಗಳು ಉಳಿದವು. ಮಗ್ಗ ಉಳಿಯಲಿಲ್ಲ. ಹಾಸಿನ ಮೇಲಿದ್ದ ಅರ್ಧ ಸೀರೆ, ಅವ್ವನ ಕಾಲದ ತುಳಿಹಲಗೆ, ಲಾಳಿ, ಎಲ್ಲ ಹೊಳೆ ಪಾಲು. ನಾನು ಹೋಗುವ ಹೊತ್ತಿಗೆ ಕುಣಿಯಲ್ಲಿ ಅಂಚಿನವರೆಗೆ ಕಪ್ಪು ರಾಡಿ ತುಂಬಿಕೊಂಡಿತ್ತು. ಮಾಳಿಗೆಯ ಮೇಲೆ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ನಾನು ಏಣಿ ಹತ್ತಿ ಹೋಗಿ ಮೊದಲು ಅದರ ವೈರು ಕಿತ್ತೆ.

ನರಗುಂದಕ್ಕೆ ಡಬ್ಬಿ ತಂದಿಟ್ಟ ದಿನ ಸಾವಕಾರರು ಹಾರಾಡಿದರು. ಅವರಿಗೆ ಕೋಡು ತಿಳಿಯುವುದಿಲ್ಲ. ತಿಳಿದದ್ದು ಒಂದೇ: ಒಬ್ಬ ಬರೆಯುವವನು, ಒಬ್ಬಾಕೆ ಕೆಡಿಸುವಾಕೆ.

‘ಕೆಡಸೋ ಸಾಲು ಬರದಾಕಿ ನೀನಲ್ಲೇನವಾ?’ ಎಂದು ಮೇಡಂಗೆ ಕೇಳಿದರು. ‘ಅವ ಅದರಾಗ ಉಳಕೊಂಡಾವ. ಏಳ ಸಲಕ್ಕೊಮ್ಮೆ ಇಲ್ಲ ಅಂತೈತಿ ಅಂತ ನೀನ ಹೇಳಿದ್ದಿ. ಮಂದಿ ಜೀವದ ಜೋಡಿ ಆಟಾ ಆಡ್ತೀಯೇನು?’

‘ಹೆಸರ ಕೊಡದ ಕಟ್ಟಿದ್ರ ನನ್ನ ಸಾಲ ಇರಂಗಿಲ್ರಿ ಸಾವಕಾರ್ರ’ ಎಂದು ಅವರು ಎರಡು ಸಲ ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು. ಹೌದೆಂದು ನಾನೊಬ್ಬನೇ ಹೇಳಬಹುದಿತ್ತು.

ನಾನು ಡಬ್ಬಿಯ ಮಣ್ಣು ಕೆರೆಯುತ್ತಿದ್ದೆ. ಕೆರೆಯುತ್ತಲೇ ಇದ್ದೆ.

ಆ ಕ್ಷಣದಲ್ಲಿ ನನಗೆ ಅವರ ಮೇಲಿನ ಹಗೆ ಇನ್ನೂ ಹೆಚ್ಚಾಯಿತು ಎಂದರೆ ನಂಬುತ್ತೀರಾ? ನನ್ನ ತಪ್ಪನ್ನು ಅವರ ತಲೆಗೆ ಕಟ್ಟುತ್ತಿದ್ದಾರೆ, ನಾನು ನೋಡುತ್ತಾ ನಿಂತಿದ್ದೇನೆ, ಮತ್ತು ನನಗೆ ಸಿಟ್ಟು ಬರುತ್ತಿರುವುದು ಅವರ ಮೇಲೆ. ನೀನು ಬರದೇ ಇದ್ದಿದ್ದರೆ ಆ ತುಂಡು ಇರುತ್ತಿರಲಿಲ್ಲ, ಆ ತುಂಡಿಲ್ಲದಿದ್ದರೆ ನಾನು ಅದರೊಳಗೆ ಬರೆಯುತ್ತಿರಲಿಲ್ಲ ಎಂದು ಮನಸ್ಸಿನಲ್ಲಿ ವಾದ ಹೂಡುತ್ತಿದ್ದೆ. ಇಂಥ ನೀಚ ವಾದ ನಾನು ಬದುಕಿನಲ್ಲಿ ಇನ್ನೊಂದು ಮಾಡಿಲ್ಲ. ವಾರದ ಕೊನೆಗೆ ಲೆಕ್ಕ ಮುಗಿಸಿಕೊಂಡು ಹೋಗು ಎಂದರು ಸಾವಕಾರರು ಅವರಿಗೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೂರನೆಯ ದಿನ ಸಂಜೆ ಬಸ್ಸಿನಲ್ಲಿ ಮೇಡಂ ಮುಂದಿನ ಸೀಟು ಖಾಲಿಯಿದ್ದರೂ ಹಿಂದಕ್ಕೆ ಬಂದು ನನ್ನ ಪಕ್ಕದಲ್ಲಿ ಕೂತರು. ಚೀಲದಿಂದ ಒಂದು ಹಾಳೆ ತೆಗೆದರು. ನನ್ನ ಕೋಡು ಅಚ್ಚು ಹಾಕಿಸಿದ್ದು. ಒಂದು ಸಾಲಿನ ಸುತ್ತ ಕೆಂಪು ಗೆರೆ.

‘ಈ ಬೀಗ ತಗಿಯೋ ಸಾಲು ನನ್ನ ತುಂಡಿನೊಳಗ ಯಾಕ ಬಂದ ಕುಂತೈತ್ರಿ ಸರ್?’

ನಾನು ಕಿಟಕಿಯ ಕಡೆ ತಿರುಗಿದೆ.

‘ನಂದೂ ತಪ್ಪೈತಿ’ ಎಂದರು. ‘ನಾ ಕೆಡಿಸಿದ್ದನ್ನ ಅಷ್ಟ ನೋಡಿದೆ. ಊರಿಗೆ ಹೋಗೋ ಡಬ್ಬಿ ಕೇಬಲ್ಲ ಒಂದ ಸಲ ಕೈಲೆ ಕಿತ್ತ ನೋಡಿದ್ರ ಮುಗೀತಿತ್ತು. ನೋಡಲಿಲ್ಲ. ಅದಕ್ಕ ಸಾವಕಾರ್ರ ಬೈದದ್ದ ಅರ್ಧಾ ನನಗ ಇರಲಿ.’ ಹಾಳೆ ಮಡಚಿ ನನ್ನ ಅಂಗಿಯ ಜೇಬಿಗೆ ಇಟ್ಟರು. ‘ಉಳದರ್ಧಾ ನೀವ ಹೇಳಬೇಕು. ನಾ ಹೇಳಂಗಿಲ್ಲ. ಸಾವಕಾರ್ರ ಮುಂದ ಅಲ್ಲ, ನಿಮ್ಮ ಅಕ್ಕಾರ ಮುಂದ ಹೇಳ್ರಿ.’

ಸೂಡಿಯಲ್ಲಿ ಇಳಿದು ಹೋದರು. ಕೆಟ್ಟದಾಗಿ ಒಂದೆರಡು ಮಾತು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅದನ್ನೂ ಮಾಡಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಬೀಗ ತೆಗೆಯುವ ಸಾಲನ್ನು ಷರತ್ತಿನ ತುಂಡಿನಿಂದ ಹೊರಗೆ ತಂದು ಇರಬೇಕಾದಲ್ಲಿ ಇಟ್ಟೆ. ಐದು ನಿಮಿಷದ ಕೆಲಸ. ಪರೀಕ್ಷೆಯ ಹೆಸರು ಕೊಡದೆ ಕಟ್ಟಿ, ಡಬ್ಬಿಗೆ ತುಂಬಿಸಿ, ಸಾವಕಾರರಿಗೆ ಮೆಣಸಗಿಗೆ ಹೋಗೋಣ, ಮೇಡಂ ಕೂಡ ಬರಲಿ ಎಂದೆ. ಯಾಕೆಂದು ಕೇಳಿದರು. ಅಲ್ಲಿ ಹೇಳುತ್ತೇನೆ ಎಂದೆ. ಸಾವಕಾರರ ಜೀಪಿನಲ್ಲಿ ಮೂವರೂ ಹೋದೆವು.

ಅಕ್ಕ ಕುಣಿಯ ಅಂಚಿಗೆ ಕೂತು ಬುಟ್ಟಿಯಲ್ಲಿ ರಾಡಿ ತುಂಬಿ ಕೊಡುತ್ತಿದ್ದಳು, ಭಾವ ಹೊರಗೆ ಚೆಲ್ಲುತ್ತಿದ್ದರು. ನಾನು ಡಬ್ಬಿ ಮಾಳಿಗೆಗೆ ಏರಿಸಿ, ಹೊಸ ಕೇಬಲ್ಲು ಕಟ್ಟಿ, ಇಳಿದು ಬಂದು ಅಂಗಳದಲ್ಲಿ ನಿಂತೆ. ಹೇಳಿದೆ. ಬೀಗದ ಸಾಲು ಎಲ್ಲಿ ಬರೆಯಬೇಕಿತ್ತು, ಎಲ್ಲಿ ಬರೆದೆ, ಯಾರ ಮೇಲಿನ ಸಿಟ್ಟಿಗೆ ಬರೆದೆ, ಸಾವಕಾರರು ಮೇಡಂಗೆ ಬೈಯುವಾಗ ಏನು ಮಾಡುತ್ತಿದ್ದೆ, ಎಲ್ಲ. ಸಾವಕಾರರು ಬಾಯಿ ತೆರೆದವರು ತೆರೆದೇ ಇದ್ದರು. ಮೇಡಂ ನೆಲ ನೋಡುತ್ತಿದ್ದರು. ನಾನು ಅಕ್ಕ ಅಳುತ್ತಾಳೆ ಎಂದುಕೊಂಡಿದ್ದೆ, ಅಥವಾ ಹೋಗಲಿ ಬಿಡು ತಮ್ಮಾ ಅನ್ನುತ್ತಾಳೆ ಎಂದು. ಇಷ್ಟು ವರ್ಷ ಅವಳು ಅನ್ನುತ್ತಿದ್ದದ್ದೇ ಅದು.

‘ನನಗ ಅನಸಿತ್ತು’ ಎಂದಳು. ರಾಡಿಯ ಕೈಯನ್ನು ಸೀರೆಗೆ ಒರೆಸಿಕೊಂಡಳು. ‘ನೀ ಸಣ್ಣಾಂವಿದ್ದಾಗ ಮಗ್ಗಕ್ಕ ಕುಂತಿದ್ದಿ ನೆನಪೈತೇನು?’

‘ಐತಿ. ಯಾಕ?’

‘ಒಂದ ಮೊಳಾ ನೇಯ್ದಿದ್ದಿ. ಅದರಾಗ ಎಷ್ಟ ಎಳಿ ಹರದಿದ್ದವು ಗೊತ್ತೈತೇನು?’

‘ಒಂದೂ ಹರದಿರಲಿಲ್ಲ.’

‘ಇಪ್ಪತ್ತಕ್ಕ ಕಡಿಮಿ ಇಲ್ಲ. ನೀ ನೀರ ಕುಡ್ಯಾಕ ಎದ್ದಾಗೊಮ್ಮೆ ಅವ್ವ ಬೂದಿ ಹಚ್ಚಿ ಹೊಸದ ಇಡತಿದ್ಲು. ಹೇಳಬ್ಯಾಡ, ಗಂಡಸ ಮಗಾ, ಮನಸಿಗೆ ಹಚ್ಕೊಂತಾನ ಅಂತ ನನಗ ಬಾಯಿ ಮುಚ್ಚಿಸಿದ್ಲು.’ ಅಕ್ಕನ ದನಿ ಏರಿತು. ಅವಳ ದನಿ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ‘ನನಗ ಎಷ್ಟ ಅಳಿಸಿದ್ಲು ಆ ಮುದಿಕಿ! ಖರೇ ಸೀರಿಮ್ಯಾಲೆ ಕಡದ ಕಡದ ಅಳಿಸಿದ್ಲು. ನಿಂದ ಒಂದೂ ಕಡೀಲಿಲ್ಲ, ಹರದದ್ದನ್ನೂ ತೋರಸಲಿಲ್ಲ. ಅಕಿ ಮಾಡಿದ್ದ ಪಾಪಕ್ಕ ನಾ ಇಲ್ಲಿ ಕುಣ್ಯಾಗ ಕುಂತ ಎರಡ ಲಾಳಿ ಒಗದ್ನಿ.’

ಬೆಣ್ಣೆಯಂಥ ಕೈ ಎಂದು ಮೂವತ್ತು ವರ್ಷ ನಂಬಿಕೊಂಡು ಬಂದ ಎರಡು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಅಕ್ಕ ಗೋಡೆ ಹಿಡಿದು ಎದ್ದಳು. ಕುಂಟುತ್ತಾ, ಮಾಳಿಗೆಯಿಂದ ಇಳಿದು ಹೊಳೆಯ ಕಡೆ ಹೋಗುವ ಕೇಬಲ್ಲಿನ ಹತ್ತಿರ ಹೋದಳು. ಸೊಂಟದಿಂದ ಅವ್ವನ ಕತ್ತರಿ ತೆಗೆದಳು. ಸಾವಕಾರರು ‘ಏ ತಾಯಿ, ಹೊಸಾದದು!’ ಎಂದು ಮುಂದೆ ಬಂದರು. ಅಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. ಕೇಬಲ್ಲನ್ನು ಎಡಗೈಯಲ್ಲಿ ಹಿಡಿದು ಒಂದೇ ಏಟಿಗೆ ಕಡಿದಳು.

ತುಂಡಿನ ಹೊರಗಿಟ್ಟ ಬೀಗದ ಸಾಲನ್ನು ಬೆಳಿಗ್ಗೆ ಹತ್ತು ಸಲ ಓದಿದ್ದೆ, ಆದರೂ ಆ ಒಂದು ಗಳಿಗೆ ನನ್ನ ಎದೆ ನಿಂತಿತು. ಕೆಡಿಸುವವರನ್ನು ಕಂಡರೆ ಬರುವ ಸಿಟ್ಟು ಎಲ್ಲಿಂದ ಬರುತ್ತದೆ ಎಂದು ಆಗ ಗೊತ್ತಾಯಿತು. ಅದು ಸಿಟ್ಟಲ್ಲ, ಅಂಜಿಕೆ.

ಭೋಂಗಾ ಕೂಗಿತು. ಓಣಿಯ ಏಳೂ ಮನೆಯವರು ಹೊರಗೆ ಓಡಿಬಂದರು, ಕರು ಹಗ್ಗ ಹರಿದುಕೊಳ್ಳುವ ಹಾಗೆ ಜಗ್ಗಿತು, ಅತ್ತೆ ಒಳಗಿನಿಂದ ಬೈಯತೊಡಗಿದರು. ಆ ಗದ್ದಲದಲ್ಲೇ ಅಕ್ಕ ಮೇಡಂ ಹತ್ತಿರ ಬಂದು ಅವರ ಕೈ ಹಿಡಿದು, ಅಂಗೈಯಲ್ಲಿ ಕತ್ತರಿ ಇಟ್ಟು, ಬೆರಳು ಮುಚ್ಚಿದಳು.

‘ಸಾವಕಾರ್ರ, ಈ ಅಕ್ಕಾರನ್ನ ಬಿಡಸಿದ್ರ ಡಬ್ಬಿನೂ ಇಳಿಸಿಕೊಂಡ ಹೋಗ್ರಿ. ಇವ್ರ ಇದ್ರ ಇದು ಇರಲಿ’ ಎಂದಳು. ಆಮೇಲೆ ಮೇಡಂಗೆ, ‘ಇದು ನಿಮ್ಮ ಕಡೀನ ಇರಲಿ. ವಾರಕ್ಕೊಮ್ಮೆ ಬಂದ ಕಡದ ಹೋಗ್ರಿ. ಇವನ ಕೈಯಾಗ ಮಾತ್ರ ಕೊಡಬ್ಯಾಡ್ರಿ.’

ನಾನು ಕಡಿದ ಕೇಬಲ್ಲು ಕೂಡಿಸಲು ಕೂತೆ. ತಂತಿಯ ಎರಡು ತುದಿ ಹೊಸೆಯುವಾಗ ಮೂರು ಸಲ ಜಾರಿತು. ಅಕ್ಕ ನಿಂತು ನೋಡುತ್ತಿದ್ದಳು. ಕೂಡಿಸಿಕೊಡಲು ಬರಲಿಲ್ಲ.